ಪುಟ್ಟಯ್ಯನನ್ನು ಕರೆದದ್ದು

ಕರುಣಾಗೆ ತಮ್ಮನ ಮುಖ ಕಾಣೆಯಾಗಿ ಎರಡು ವರ್ಷವಾಗುತ್ತಾ ಬಂದಿತ್ತು. ತಮ್ಮ ತಿಪ್ಪೇಶ ಸತ್ತು ಎರಡು ವರ್ಷ ಅನ್ನುವುದು ಊರಿನವರ ಲೆಕ್ಕ. ಸತ್ತವರು ನೆನಪಿನಲ್ಲಾದರೂ ಇರುತ್ತಾರೆ ಅನ್ನುತ್ತಾರಲ್ಲ, ಅವಳಿಗೆ ಆ ಭಾಗ್ಯವೂ ಇರಲಿಲ್ಲ. ಕಣ್ಣು ಮುಚ್ಚಿ ತಮ್ಮನನ್ನು ನೆನೆದರೆ ಬರುತ್ತಿದ್ದುದು ಅವನ ಮುಖವಲ್ಲ. ಧೂಳು, ಒಂದು ಕೊಂಬು, ಮಣ್ಣಿನಲ್ಲಿ ಬೋರಲು ಬಿದ್ದ ನೀಲಿ ಅಂಗಿಯ ಬೆನ್ನು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಜಗಳವಾಡಿ, ಒಂದೇ ಕಂಬಳಿ ಎಳೆದಾಡಿಕೊಂಡು ಬೆಳೆದದ್ದೆಲ್ಲ ಆ ಬೆನ್ನಿನ ಅಡಿಯಲ್ಲಿ ಸಿಕ್ಕಿಹಾಕಿಕೊಂಡುಬಿಟ್ಟಿತ್ತು.

ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅವನ ಫೋಟೋ ಇತ್ತು. ಅವಳು ಅದರ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದಳು. ಫೋಟೋದ ಮುಖ ನೋಡಿದರೂ ಮರುಕ್ಷಣ ಬರುವುದು ಅದೇ ಬೆನ್ನು. ಅವನ ದನಿಯೂ ಹೋಗಿತ್ತು. ದಿನಕ್ಕೆ ನೂರು ಸಲ 'ಅಕ್ಕಾ' ಅನ್ನುತ್ತಿದ್ದ ಹುಡುಗ. ಆ 'ಅಕ್ಕಾ' ಹೇಗಿತ್ತು, ಎಳೆದು ಹೇಳುತ್ತಿದ್ದನೋ ಮೊಟಕಾಗಿ ಹೇಳುತ್ತಿದ್ದನೋ, ಎಷ್ಟು ಕಿವಿಗೊಟ್ಟರೂ ಕೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಅದೊಂದೇ. ಬದುಕಿದ್ದ ತಿಪ್ಪೇಶನನ್ನು ಒಂದು ಸಲ ನೆನೆಯಬೇಕು.

ಶಿಕಾರಿಪುರ, ಸೊರಬದ ಕಡೆಯವರಿಗೆ ಹೋರಿ ಹಬ್ಬ ಎಂದರೇನೆಂದು ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ದೀಪಾವಳಿ ಮುಗಿದದ್ದೇ ತಡ ಊರೂರಿನಲ್ಲಿ ಹೋರಿಗಳನ್ನು ಸಿಂಗರಿಸಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಬಿಗಿದು, ಎರಡೂ ಬದಿ ಬೇಲಿ ಹಾಕಿದ ಅಖಾಡಕ್ಕೆ ಬಿಡುತ್ತಾರೆ. ನಡುವೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಹಲಗೆಯ ಬಡಿತ, ಪಟಾಕಿ, ಕೇಕೆ. ಹೋರಿ ಬೆದರಿ ಓಡುತ್ತದೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯ ಮನೆಯವರಿಗೆ ಆ ವರ್ಷವೆಲ್ಲ ನೆಲ ಕಾಣುವುದಿಲ್ಲ. ಅಂಬ್ಲಿಗೊಳದ ನಾಲೆಯ ಪಕ್ಕದ ಊರಿನ, ಕರುಣಾಳ ಅಪ್ಪ ಮಾಸ್ತಪ್ಪನ ಮನೆಯವರಿಗೂ ಕಾಣುತ್ತಿರಲಿಲ್ಲ. ಮೈಕಿನಲ್ಲಿ ಅವರ ಹೋರಿಯ ಹೆಸರು 'ಅಂಬ್ಲಿಗೊಳದ ಸಿಡಿಲಮರಿ'. ಮನೆಯಲ್ಲಿ ಮಾತ್ರ ಪುಟ್ಟಯ್ಯ.

ಅಖಾಡದ ಆ ತುದಿ ದಾಟಿದ ಮೇಲೆ ಬಯಲಿಗೆ ಬಿದ್ದ ಹೋರಿಯನ್ನು ಹಿಡಿಯುವುದೇ ದೊಡ್ಡ ಕೆಲಸ. ಕೆಲವರದು ಪಕ್ಕದೂರಿನ ತನಕ ಓಡಿಬಿಡುತ್ತದೆ. ಮಾಸ್ತಪ್ಪನ ಮಕ್ಕಳು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಕರುಣಾ ಅಂಗೈಯಲ್ಲಿ ಬೆಲ್ಲ ಹಿಡಿದು ತುದಿಯ ಹುಣಸೆಮರದ ಕೆಳಗೆ ನಿಲ್ಲುವುದು. ತಿಪ್ಪೇಶ ಹಗ್ಗ ಹೆಗಲಿಗೆ ಹಾಕಿಕೊಂಡು ಹೋರಿಯ ಹಿಂದೆ ಓಡುವುದು. ಹೋರಿ ಜನರಿಂದ ಪಾರಾಯಿತು ಅನ್ನುವಾಗ ಅವನು ಕೈಸನ್ನೆ ಮಾಡಿ ಕೂಗಿದರೆ ಅವಳು ಕರೆಯುವುದು. ಎಂಥ ಗದ್ದಲವಿರಲಿ, ಅವಳು ಕರೆದರೆ ಪುಟ್ಟಯ್ಯ ತಿರುಗಿ ಬಂದು ಅಂಗೈಗೆ ಮೂತಿ ಇಡುತ್ತಿತ್ತು. ಹಿಂದಿನಿಂದ ತಿಪ್ಪೇಶ ಏದುಸಿರು ಬಿಡುತ್ತಾ ಬಂದು, ಕೊರಳಿಗೆ ಹಗ್ಗ ಹಾಕಿ, ತನ್ನ ಟವೆಲಿನಲ್ಲಿ ಅದರ ಮುಖ ಒರೆಸುತ್ತಿದ್ದ. ಅದೇ ಟವೆಲಿನಲ್ಲಿ ಆಮೇಲೆ ತನ್ನ ಮುಖವನ್ನೂ ಒರೆಸಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದಿನ ಹಬ್ಬದಲ್ಲೂ ಅವಳು ಕರೆದಳು. ಪುಟ್ಟಯ್ಯ ಓಟದ ಭರದಲ್ಲೇ ಗಕ್ಕನೆ ತಿರುಗಿತು. ತೀರಾ ಹತ್ತಿರದಲ್ಲಿ ಓಡುತ್ತಿದ್ದ ತಿಪ್ಪೇಶನಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತಾಗಲಿಲ್ಲ. ಹೋರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಪಾಪ. ಅದು ಬೆಲ್ಲಕ್ಕೆ ಬರುತ್ತಿತ್ತು. ಅವನನ್ನು ಕೆಡವಿದ್ದೂ ತಿಳಿಯದೆ ಓಡಿ ಬಂದು ಅವಳ ಅಂಗೈಗೆ ಮೂತಿ ಇಟ್ಟಿತು.

ಹೋರಿಯನ್ನು ಕಸಾಯಿಖಾನೆಗೆ ಹೊಡೆಯಬೇಕು ಎಂದವರಿದ್ದರು. ಮಾಸ್ತಪ್ಪ ಯಾರ ಮಾತನ್ನೂ ಕೇಳಲಿಲ್ಲ. ಮಗನ ತಿಥಿ ಮುಗಿಸಿ, ಒಂದು ಮುಂಜಾನೆ ಪುಟ್ಟಯ್ಯನನ್ನು ಗಾಡಿಗೆ ಹತ್ತಿಸಿ, ಸೊರಬದ ಕಡೆ ಹೊಸಬಾಳೆಯಲ್ಲಿದ್ದ ಹಳೆಯ ಸ್ನೇಹಿತ ಕಲ್ಲಪ್ಪನ ಕೊಟ್ಟಿಗೆಯಲ್ಲಿ ಬಿಟ್ಟು ಬಂದ. ಬಂದವನು ಮಗನ ಹೆಸರನ್ನೂ ಎತ್ತಲಿಲ್ಲ, ಹೋರಿಯ ಹೆಸರನ್ನೂ ಎತ್ತಲಿಲ್ಲ.

ಕರುಣಾ ಶಿಕಾರಿಪುರದಲ್ಲಿ, ತಾಲೂಕು ಕಚೇರಿಯ ಎದುರು, ಪಹಣಿ ತೆಗೆದುಕೊಡುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಸ್ಸು ಅಖಾಡದ ಬಯಲಿನ ಪಕ್ಕ ಹೋಗುತ್ತದೆಂದು ಹಿಂದಿನ ನಿಲ್ದಾಣದಲ್ಲೇ ಇಳಿದು ನಾಲೆ ಏರಿಯ ಮೇಲೆ ಸುತ್ತು ಹಾಕಿ ಮನೆಗೆ ಬರುತ್ತಿದ್ದಳು. ದನ ಎದುರಾದರೆ ಯಾರ ಮನೆಯೆಂದು ನೋಡದೆ ಒಳಗೆ ನುಗ್ಗುತ್ತಿದ್ದಳು. ಬೆಲ್ಲದ ವಾಸನೆ ಆಗುತ್ತಿರಲಿಲ್ಲ. ಕಾಯಿ ಹೋಳಿಗೆ ಮಾಡುವುದನ್ನು ಅವ್ವ ಯಮುನಮ್ಮ ಬಿಟ್ಟೇಬಿಟ್ಟಳು. ಚಂದ್ರಗುತ್ತಿಯ ದೇವಿಗೆ ಹರಕೆ ಕಟ್ಟಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಕಂಡವರೆಲ್ಲ ಹೇಳುತ್ತಿದ್ದುದು ಒಂದೇ, ಮರೆತುಬಿಡು. ಮರೆತುಬಿಡು ಅನ್ನುವುದಕ್ಕೆ ಹೇಳುವವರ ಗಂಟೇನು ಹೋಗುತ್ತದೆ? ಮರೆಯುವುದು ಅವಳಿಗೆ ಬೇಕಾಗಿಯೇ ಇರಲಿಲ್ಲ.

ಒಂದು ದಿನ ಪಹಣಿಗೆಂದು ಬಂದ ರೈತನೊಬ್ಬನ ಚೀಲದಲ್ಲಿ ಹೊಸ ಗೆಜ್ಜೆಸರವಿತ್ತು. ಅವನು ಚೀಲವನ್ನು ಮೇಜಿನ ಮೇಲೆ ಇಟ್ಟದ್ದೇ ತಡ ಅದು ಝಲ್ಲೆಂದಿತು. ಕರುಣಾಗೆ ಮತ್ತೆ ಅರಿವು ಬಂದಾಗ ಅವಳು ಮೇಜಿನ ಕೆಳಗೆ, ಪ್ರಿಂಟರಿನ ವೈರುಗಳ ನಡುವೆ ಮುದುಡಿ ಕೂತಿದ್ದಳು. ಅಂಗಡಿಯ ಒಡತಿ ಶಶಿರೇಖಾಳ ಬಾಯಿ ಜೋರು. ಆದರೂ ಅವಳೂ ಮೇಜಿನ ಕೆಳಗೇ ನುಸುಳಿ ಪಕ್ಕದಲ್ಲಿ ಕೂತಳು.

"ನೋಡು ಕರುಣಾ, ನಿನ್ ತಾಯತ, ನಿನ್ ಹರಕೆ ಎಲ್ಲಾ ಅತ್ಲಾಗಿರ್ಲಿ. ಮಂಗಳವಾರ ಮಂಗಳವಾರ ದೊಡ್ಡಾಸ್ಪತ್ರೆಗೆ ಶಿವಮೊಗ್ಗದಿಂದ ಒಬ್ರು ಮೇಡಂ ಬರ್ತಾರೆ, ಮನಸ್ಸಿನ ಡಾಕ್ಟ್ರು. ಬಾ ಅಂದ್ರೆ ಬಾ. ಇಲ್ಲಾಂದ್ರೆ ಎತ್ಕಂಡ್ ಹೋಗ್ತೀನಿ."

ಎತ್ತಿಕೊಂಡು ಹೋಗುವ ಮೈಕಟ್ಟೇ ಶಶಿರೇಖಾಳದು. ಕರುಣಾ ಸುಮ್ಮನೆ ಹೋದಳು.

ಮೇಡಂ ಹೆಸರು ನೀಲಾಂಬಿಕ. ಐವತ್ತರ ಆಚೀಚೆಯ ಹೆಂಗಸು, ಕೈಯಲ್ಲಿ ಸದಾ ಒಂದು ಚಹಾ ಲೋಟ, ಅದರೊಳಗೆ ಸದಾ ಆರಿದ ಚಹಾ. ಎಲ್ಲವನ್ನೂ ಕೇಳಿಸಿಕೊಂಡರು.

"ಇದನ್ನ ಮರೆಸ್ತೀರಾ ಮೇಡಂ?" ಕರುಣಾ ಕೇಳಿದಳು.

"ಇಲ್ಲಮ್ಮ. ನೆನಪು ಮಾಡಿಸ್ತೀನಿ."

ಕರುಣಾ ಚೀಲ ಎತ್ತಿಕೊಂಡು ಎದ್ದು ನಿಂತಳು. ನೀಲಾಂಬಿಕ ತಡೆಯಲಿಲ್ಲ. ಕೂತಲ್ಲಿಂದಲೇ ಹೇಳಿದರು, "ಎರಡು ವರ್ಷದಿಂದ ಆ ನೆನಪನ್ನ ನೀವು ಪೂರ್ತಿ ನೋಡೇ ಇಲ್ಲ. ಶುರುವಾಗ್ತಿದ್ದ ಹಾಗೇ ಓಡಿಹೋಗ್ತೀರಿ. ಇಲ್ಲಿ ಕೂತು, ಕಣ್ಣು ಮುಚ್ಚಿ, ಆ ದಿನದ್ದನ್ನ ಮೊದಲಿಂದ ಕೊನೇತನಕ ಹೇಳಬೇಕು, ಈಗ ನಡೀತಾ ಇದೆ ಅನ್ನೋ ಹಾಗೆ. ಮುಗಿದ ಮೇಲೆ ಇನ್ನೊಂದು ಸಲ. ಹೆದರಿಕೆ ಬರುತ್ತೆ, ಬರಲಿ. ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಇಳಿಯೋದನ್ನ ನೀವು ಇನ್ನೂ ನೋಡಿಲ್ಲ, ಅಷ್ಟೇ. ಅದಕ್ಕೂ ಮುಂಚೆ ಎದ್ದು ಹೊರಡ್ತೀರಿ. ಈಗ ಹೊರಟಿದೀರಲ್ಲ, ಹಾಗೆ."

ಕರುಣಾ ಹೊರಟೇಬಿಟ್ಟಳು. ಆದರೆ ಬಸ್ಸಿನಲ್ಲಿ ಕೂತವಳಿಗೆ ಆ ಮಾತು ಎಲ್ಲೋ ಕೇಳಿದ್ದೆನಿಸತೊಡಗಿತು. ಊರು ಹತ್ತಿರವಾಗುವ ಹೊತ್ತಿಗೆ ಹೊಳೆಯಿತು. ಪುಟ್ಟಯ್ಯ ಕರುವಾಗಿದ್ದಾಗ ಮಹಾ ಪುಕ್ಕಲು. ಹಲಗೆಯ ಸದ್ದಿಗೆ ಕಣ್ಣಿ ಹರಿದುಕೊಂಡು ಹಿತ್ತಿಲಿಗೆ ಓಡುತ್ತಿತ್ತು. ಈ ಅಂಜುಬುರುಕನನ್ನು ಅಖಾಡಕ್ಕೆ ಬಿಟ್ಟಂತೆಯೇ ಎಂದು ಅಪ್ಪ ನಕ್ಕಿದ್ದ. ತಿಪ್ಪೇಶ ಯಾರದೋ ಹಲಗೆ ಕೇಳಿ ತಂದು, ದೂರದ ಹುಲ್ಲಿನ ಬಣವೆಯ ಹತ್ತಿರ ಕೂತು, ಬೆರಳ ತುದಿಯಲ್ಲಿ ಮೆಲ್ಲಗೆ ಬಡಿದಿದ್ದ. ಅವಳು ಕರುವಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ನೀವುತ್ತಾ ಹಿಡಿದುಕೊಂಡಿದ್ದಳು. ಕರು ಗಡಗಡ ನಡುಗಿತ್ತು. ಸಾಕು ನಿಲ್ಲಿಸೋ ಎಂದು ಅವಳೇ ಬೈದಿದ್ದಳು. ಅವನು ನಿಲ್ಲಿಸಿರಲಿಲ್ಲ. ಕರುವಿನ ನಡುಕ ತಾನಾಗಿ ನಿಂತು, ಅದು ಬೇಸರದಿಂದ ಬಾಲ ಬೀಸತೊಡಗಿದ ಮೇಲೆಯೇ ಎದ್ದಿದ್ದ. ಮಾರನೆಯ ದಿನ ಸ್ವಲ್ಪ ಹತ್ತಿರ ಬಂದು ಕೂತ. ಹೀಗೆ ದಿನಾ ಹತ್ತಿರ ಬರುತ್ತಾ ಬರುತ್ತಾ ಕೊನೆಗೆ ಅದರ ಕಿವಿಯ ಪಕ್ಕದಲ್ಲೇ ಬಡಿದರೂ ಪುಟ್ಟಯ್ಯ ಹುಲ್ಲು ಮೆಲ್ಲುತ್ತಾ ನಿಂತಿತ್ತು. "ಬೆಚ್ಚಿದಾಗ ನಿಲ್ಸಿಬಿಟ್ರೆ, ಬೆಚ್ಚಿದ್ದೇ ಸರಿ ಅಂತ ತಿಳ್ಕಂತದೆ ಕಣಕ್ಕ," ಎಂದಿದ್ದ ತಿಪ್ಪೇಶ.

ಮಾತು ನೆನಪಿತ್ತು. ಆಡಿದ ದನಿ ಇರಲಿಲ್ಲ. ಆ ನೆನಪಿನಲ್ಲಿಯೂ ಹಲಗೆ ಬಡಿಯುವ ಬೆರಳು ಕಂಡಿತೇ ಹೊರತು ಮುಖ ಕಾಣಲಿಲ್ಲ. ಆದರೂ ಬೆರಳಾದರೂ ಕಂಡಿತಲ್ಲ! ಆ ಬೆರಳಿನ ಆಸೆಗೆ ಅವಳು ಮುಂದಿನ ಮಂಗಳವಾರ ಮತ್ತೆ ಹೋದಳು.

ಮೊದಲ ಸಲ ಹೇಳುವಾಗ ಅವಳು ಕಥೆಯ ಅರ್ಧ ನುಂಗಿದಳು. "ಹೋರಿ ಓಡ್ತು, ಅವನು ಬಿದ್ದ" ಎಂದು ಯಾರದೋ ಸುದ್ದಿ ಹೇಳಿದಂತೆ ಮುಗಿಸಿದಳು. "ಓಡ್ತು ಅಲ್ಲ, ಓಡ್ತಾ ಇದೆ. ನೀವು ಎಲ್ಲಿ ನಿಂತಿದೀರಿ? ಕಾಲ ಕೆಳಗೆ ಏನಿದೆ?" ಎಂದು ನೀಲಾಂಬಿಕ ಮತ್ತೆ ಮೊದಲಿಗೆ ಕರೆತಂದರು. ಹುಣಸೆ ಎಲೆ ಎಂದಳು. ಧೂಳು ಎಂದಳು. ಮೈ ಬೆವರಿ, ರವಿಕೆ ಬೆನ್ನಿಗೆ ಅಂಟಿ, ಕುರ್ಚಿಯ ಕೈ ಹಿಡಿದ ಬೆರಳು ಬಿಳಿಚಿಕೊಂಡವು. ವಾಂತಿ ಬರುತ್ತದೆ ಎಂದಳು. "ಬಕೆಟ್ ಇದೆ, ಹೇಳ್ತಾ ಹೋಗಿ," ಎಂದರು ಆ ಮಹಾತಾಯಿ. ಕಲ್ಲುಹೃದಯದವಳು ಎಂದು ಅವಳಿಗೆ ಅನಿಸಿತು. ಆದರೆ ಎರಡನೆಯ ಸಲ ಹೇಳಿ ಮುಗಿಸಿ ಕಣ್ಣು ಬಿಟ್ಟಾಗ ಆ ಕಲ್ಲುಹೃದಯದವಳ ಕಣ್ಣೂ ಒದ್ದೆಯಾಗಿತ್ತು.

ಹೇಳಿದ್ದೆಲ್ಲ ಅವಳದೇ ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಅದನ್ನು ದಿನಾ ಮನೆಯಲ್ಲಿ ಕೇಳಬೇಕು. ಅವಳು ಸಂಜೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ದನಿಯನ್ನೇ ಕೇಳುತ್ತಿದ್ದಳು. ಒಂದು ದಿನ ಇಯರ್‌ಫೋನ್ ಕೆಟ್ಟು ದನಿ ಹೊರಗೆ ಬಂತು. ಮುಸುರೆ ಪಾತ್ರೆ ಹಿಡಿದು ಬಂದ ಯಮುನಮ್ಮ ನಿಂತಲ್ಲೇ ನಿಂತಳು. ಪಾತ್ರೆಯನ್ನು ಕುಕ್ಕಿದಳು.

"ಇನ್ನೆಷ್ಟು ಸಲ ಸಾಯಿಸ್ತೀಯೇ ಅವನ್ನ?"

ಅವ್ವ ಒಳಗೆ ಹೋದಳು. ಆ ಸಂಜೆ ಕರುಣಾ ರೆಕಾರ್ಡು ನಿಲ್ಲಿಸಿದಳು, ಮೊಬೈಲನ್ನು ನಾಲೆಗೆ ಎಸೆದುಬಿಡಲೇ ಎಂದು ಏರಿಯ ತನಕ ಹೋದಳು. ನೀರು ತನ್ನಷ್ಟಕ್ಕೆ ಗದ್ದೆಗಳ ಕಡೆ ಹೋಗುತ್ತಿತ್ತು. ಬೆಚ್ಚಿದಾಗ ನಿಲ್ಲಿಸಿಬಿಟ್ಟರೆ ಎಂದು ತಿಪ್ಪೇಶ ಹೇಳಿದ್ದು ಮತ್ತೆ ಬಂತು. ಏರಿಯ ಮೇಲೇ ಕುಕ್ಕರಗಾಲಲ್ಲಿ ಕೂತು ಕೊನೆಯ ತನಕ ಕೇಳಿದಳು.

ಜೊತೆಗೆ ಇನ್ನೊಂದು ಕೆಲಸವಿತ್ತು. ಯಾವುದಕ್ಕೆಲ್ಲ ಹೆದರಿ ಸುತ್ತು ಹಾಕುತ್ತಿದ್ದಳೋ ಅದರ ಹತ್ತಿರ ಹೋಗಿ, ಹೆದರಿಕೆ ಇಳಿಯುವ ತನಕ ನಿಲ್ಲುವುದು. ಕಡಿಮೆ ಹೆದರಿಕೆಯದು ಮೊದಲು, ಜಾಸ್ತಿಯದು ಆಮೇಲೆ. ಕಟ್ಟಕಡೆಯದು ಪುಟ್ಟಯ್ಯನಿದ್ದ ಹೊಸಬಾಳೆ. ಅದರ ಹೆಸರು ಹೇಳುವಾಗಲೇ ಅವಳ ಹಲ್ಲು ಕಟಕಟಿಸಿತ್ತು. ಸದ್ಯಕ್ಕೆ ಪೇಟೆಯ ಲೋಕಮ್ಮನ ಅಂಗಡಿ ಸಾಕು ಎಂದಿದ್ದರು ನೀಲಾಂಬಿಕ.

ಲೋಕಮ್ಮನ ಅಂಗಡಿಯ ತುಂಬ ಮೂಗುದಾರ, ಹಣೆಪಟ್ಟಿ, ಗೆಜ್ಜೆಸರ ತೂಗುತ್ತಿದ್ದವು. ಗಾಳಿ ಬೀಸಿದರೆ ಇಡೀ ಅಂಗಡಿ ಝಣಗುಡುತ್ತಿತ್ತು. ಕರುಣಾ ಎದುರಿನ ಕಂಬ ಹಿಡಿದು ನಿಂತಳು. ಮಾರನೆಯ ದಿನ ಕಂಬ ಬಿಟ್ಟು ನಿಂತಳು. ಲೋಕಮ್ಮ ನೋಡುವಷ್ಟು ದಿನ ನೋಡಿ ಕೇಳಿಯೇಬಿಟ್ಟಳು.

"ಎತ್ತು ತಗಂಡೀರೇನ್ರೀ?"

"ಇಲ್ರೀ."

"ಮತ್ತೇನ್ ಬೇಕ್ರೀ?"

"ಸುಮ್ನೆ ನಿಂತ್ಕಂತೀನ್ರೀ."

ಲೋಕಮ್ಮ ಸ್ಟೂಲು ಹೊರಗೆ ತಳ್ಳಿದಳು. "ಕೂತ್ಕಳ್ರಿ ಹಂಗಾರೆ. ನೋಡಾಕೆ ದುಡ್ಡಿಲ್ಲ."

ಮಾತಿಗೆ ಬರುವ ಗಿರಾಕಿ ಸಿಕ್ಕಿದ್ದು ಲೋಕಮ್ಮನಿಗೂ ಅನುಕೂಲವೇ ಆಯಿತು. ಸೊಸೆಯ ಮೇಲಿನ ದೂರೆಲ್ಲ ಕರುಣಾಳ ಪಾಲಿಗೆ ಬಂತು. ಎರಡು ವಾರ ಕಳೆಯುವ ಹೊತ್ತಿಗೆ ಗೆಜ್ಜೆಯ ಸದ್ದಿಗಿಂತ ಆ ಸೊಸೆಯ ಕಥೆಯೇ ಹೆಚ್ಚು ತಲೆನೋವಾಯಿತು ಎಂದರೆ ಮದ್ದು ನಾಟಿತೆಂದೇ ಅರ್ಥ. ಆಮೇಲೆ ಬೀದಿಯ ದನಗಳು. ಆಮೇಲೆ ಅಖಾಡದ ಬಯಲು. ಖಾಲಿ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಹುಣಸೆಮರ ಅವರಿಗೆ ಪೆವಿಲಿಯನ್. ಅಲ್ಲಿ ನಿಲ್ಲಲು ಅವಳಿಗೆ ತುಂಬಾ ದಿನ ಹಿಡಿಯಿತು. ಎರಡು ಸಲ ಅರ್ಧದಿಂದ ಓಡಿಬಂದಳು. ಮೂರನೆಯ ಸಲ ಮರಕ್ಕೆ ಬೆನ್ನು ಕೊಟ್ಟು ಕೂತು, ನಡುಗಿ, ಅತ್ತು, ಕೊನೆಗೆ ಒಂದು ಬಾಲನ್ನು ಎತ್ತಿ ಹುಡುಗರ ಕಡೆ ಎಸೆದಳು.

ಅಷ್ಟಾದರೂ ಒಂದು ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ನೀಲಾಂಬಿಕರ ಮುಂದೆಯೂ ಅದೊಂದನ್ನು ಹಾರಿಸಿಕೊಂಡೇ ಹೋಗುತ್ತಿದ್ದಳು. ಮಳೆ ಬಿಟ್ಟ ಒಂದು ಮಂಗಳವಾರ ಅದು ಬಾಯಿಂದ ಜಾರಿತು.

"ಅವನು ಸನ್ನೆ ಮಾಡೋಕೆ ಮುಂಚೇನೇ ನಾನು ಕರೆದುಬಿಟ್ಟೆ ಮೇಡಂ. ಆ ವರ್ಷ ಒಂದು ಕೊಬ್ಬರೀನೂ ಹೋಗಿರ್ಲಿಲ್ಲ. ಖುಷೀಲಿ ತಡ್ಕಳಕ್ಕಾಗದೆ ಕರೆದುಬಿಟ್ಟೆ. ಅದಕ್ಕೇ ಅದು ತಿರುಗಿದ್ದು."

ನೀಲಾಂಬಿಕ ಲೋಟ ಕೆಳಗಿಟ್ಟರು. "ನಾನಲ್ಲಿ ಇರ್ಲಿಲ್ಲ ಕರುಣಾ. ನೀವು ಇದ್ರಿ. ಕಣ್ಣು ಮುಚ್ಚಿ. ಕರೆಯೋಕೆ ಸ್ವಲ್ಪ ಮುಂಚೆ. ಕೈಯಲ್ಲೇನಿದೆ?"

"ಬೆಲ್ಲ. ಕರಗಿ ಅಂಟಂಟಾಗೈತೆ."

"ಏನು ಕೇಳ್ತಿದೆ?"

"ಮೈಕು. ಸಿಡಿಲಮರಿ ಪಾರಾಯ್ತು ಅಂತ ಕೂಗ್ತಿದಾರೆ."

"ಹೋರಿ ಎಲ್ಲಿದೆ?"

"ಬೇಲಿ ದಾಟ್ತು. ನನ್ ಕಡೆ ಬರ್ತಿಲ್ಲ. ಬಲಕ್ಕೆ ಎಳೀತಾ ಐತೆ. ಅಲ್ಲಿ ಟ್ರ್ಯಾಕ್ಟರ್ ನಿಂತೈತೆ, ಟ್ರೈಲರ್ ಕೆಳಗೆ ಮಕ್ಕಳು ಕೂತಿದಾವೆ." ಕರುಣಾಳ ಹುಬ್ಬು ಗಂಟಿಕ್ಕಿತು. ಈ ಟ್ರೈಲರು ಇಷ್ಟು ದಿನ ಎಲ್ಲಿತ್ತು?

"ನೀವು ಹೋರೀನೇ ನೋಡ್ತಿದೀರಾ?"

"ಇಲ್ಲ. ಅವನ್ನ ನೋಡ್ತಿದೀನಿ."

"ಯಾಕೆ?"

ಅವಳು ನೋಡುತ್ತಿದ್ದಳು. ಧೂಳಿನೊಳಗಿಂದ ತಿಪ್ಪೇಶ ಬರುತ್ತಿದ್ದ. ಬೆನ್ನಲ್ಲ, ಮುಖ. ಹೆಗಲ ಹಗ್ಗ ಜಾರುತ್ತಿತ್ತು. ಟವೆಲು ಹಿಡಿದ ಕೈ ಮೇಲೆತ್ತಿದ್ದ. ಕರುವಾಗಿದ್ದಾಗ ಪುಟ್ಟಯ್ಯ ತಲೆ ಕೊಡವಿ ಮುರಿದ ಅವನ ಮುಂದಿನ ಹಲ್ಲು, ಮೊಟಕು ಹಲ್ಲು, ಕಾಣುವಷ್ಟು ಬಾಯಿ ತೆರೆದಿದ್ದ. ಮಕ್ಕಳ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿ, ಅಷ್ಟು ಗಡಿಬಿಡಿಯಲ್ಲಿಯೂ ಗೆದ್ದ ಹುರುಪಿಗೆ ನಗುತ್ತಾ ಕೂಗಿದ:

"ಅಕ್ಕಾ, ಕರಿಯೇ! ಕರಿಯೇ ಅಕ್ಕಾ!"

ಎಳೆದು ಹೇಳುತ್ತಿದ್ದ. ಮೊದಲ ಅಕ್ಷರ ಮೊಟಕು, ಕೊನೆಯದನ್ನು ಹೊಲದ ಆಚೆಗೆ ಕೇಳುವ ಹಾಗೆ ಎಳೆಯುತ್ತಿದ್ದ. ಅದೇ ದನಿ. ಕರುಣಾ ಕಣ್ಣು ಬಿಟ್ಟಳು, ಅಳತೊಡಗಿದಳು. ಇದು ಬೇರೆ ಅಳು. ಮೈ ನಡುಗಲಿಲ್ಲ, ಉಸಿರು ಕಟ್ಟಲಿಲ್ಲ. ತಮ್ಮ ಸತ್ತಾಗ ಅಕ್ಕಂದಿರು ಅಳುವ ಅಳು. ಎರಡು ವರ್ಷ ತಡವಾಗಿ ಬಂದಿತ್ತು. ಹೊರಗೆ ಪಾಳಿಯಲ್ಲಿ ಕೂತವರು ಗೊಣಗುತ್ತಿದ್ದರೂ ನೀಲಾಂಬಿಕ ಅವಳನ್ನು ಏಳಿಸಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದಳು. ಯಮುನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿ, ರೊಟ್ಟಿಯನ್ನು ಹೆಂಚಿಗೆ ಹಾಕಿ, ಆ ಕಡೆ ತಿರುಗಿಯೇ ಕೇಳಿದಳು.

"ನಗ್ತಿದ್ನಾ?"

"ಹ್ಞೂ ಅವ್ವಾ. ನಗ್ತಿದ್ದ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಯಮುನಮ್ಮ ಅದನ್ನು ತಿರುವಿ ಹಾಕಲಿಲ್ಲ. ಜಗಲಿಯಲ್ಲಿ ಕೂತಿದ್ದ ಮಾಸ್ತಪ್ಪ ಕೆಮ್ಮಿದ. ಅವನಿಗೆ ಎಲ್ಲ ಕೇಳಿಸಿತ್ತು.

"ಅವನು ಕೂಗ್ದೆ ನೀನು ಯಾವತ್ತು ಕರ್ದಿದ್ದೆ?" ಎಂದ. ಎರಡು ವರ್ಷದಲ್ಲಿ ಮಗನ ಬಗ್ಗೆ ಅವನು ಆಡಿದ ಮೊದಲ ಮಾತು ಅದು. "ಕೇಳಿದ್ರೆ ನಾನೇ ಹೇಳ್ತಿದ್ನಲ್ಲೇ ತಂಗೀ."

ಹೆದರಿಕೆ ಹೋದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದಳು ಕರುಣಾ. ಎಲ್ಲಿಯ ಸರಿ! ಹೆದರಿಕೆ ಖಾಲಿ ಮಾಡಿದ ಜಾಗಕ್ಕೆಲ್ಲ ಹಂಬಲ ಬಂದು ಕೂತಿತು. ಈಗ ಫೋಟೋ ನೋಡಬಹುದು, ನೋಡಿದರೆ ಬಿಡಲಾಗದು. ಜಗಲಿಯ ಮುಂದೆ ಬೈಕು ನಿಂತ ಸದ್ದಾದರೆ ಅವನೇ ಎಂದು ತಲೆ ಎತ್ತುತ್ತಾಳೆ. ಸಾರಿಗೆ ಉಪ್ಪು ಜಾಸ್ತಿಯಾದರೆ 'ಅಕ್ಕ ಇವತ್ತು ಸಮುದ್ರ ಕಾಯಿಸಿದಾಳೆ' ಎನ್ನುವವನಿಲ್ಲ. ಅವನ ಮಾತು, ಅವನ ಕಳ್ಳಾಟ, ಅವನು ಅವಳ ಮದುವೆಗೆಂದು ಆಗಲೇ ಕಲಿತಿಟ್ಟುಕೊಂಡಿದ್ದ ಕೆಟ್ಟ ಕುಣಿತ, ಒಂದೊಂದೂ ಬಂದು ನಿಲ್ಲುತ್ತಿತ್ತು. ಮನೆಯಲ್ಲಿ ಎಲ್ಲಿ ನೋಡಿದರೂ ಅವನಿಲ್ಲ. ತಪ್ಪು ತನ್ನದು ಅಂದುಕೊಂಡಿದ್ದಾಗ ಬೈದುಕೊಳ್ಳುವುದಕ್ಕಾದರೂ ತಾನೊಬ್ಬಳು ಸಿಗುತ್ತಿದ್ದಳು. ಈಗ ಅವಳೂ ಇಲ್ಲ.

"ಮೇಡಂ, ಹೆದರಿಕೆ ಕಡಿಮೆಯಾಗೈತೆ. ಆದ್ರೆ ಅವನು ಬೇಕು ಅನ್ಸುತ್ತೆ. ತುಂಬಾ ಬೇಕು ಅನ್ಸುತ್ತೆ. ಇದಕ್ಕೇನು ಮಾಡ್ತೀರಿ?"

"ಇದಕ್ಕೆ ನನ್ನ ಹತ್ರ ಏನೂ ಇಲ್ಲ ಕರುಣಾ," ಎಂದರು ನೀಲಾಂಬಿಕ. "ಇದು ಕಾಯಿಲೆ ಅಲ್ಲ."

ದೀಪಾವಳಿ ಹತ್ತಿರವಾಗುತ್ತಿತ್ತು. ಶಶಿರೇಖಾ ಜೊತೆಗೆ ಬರುತ್ತೇನೆಂದಳು. ಬೇಡವೆಂದು ಕರುಣಾ ಒಬ್ಬಳೇ ಬಸ್ಸು ಹತ್ತಿದಳು. ಚೀಲದಲ್ಲಿ ಒಂದು ಅಚ್ಚು ಬೆಲ್ಲವಿತ್ತು. ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋದಂತೆ ಹಳೆಯ ಹೆದರಿಕೆ ಏಳತೊಡಗಿತು. ಏಳಲಿ ಎಂದು ಬಿಟ್ಟಳು.

ಹೊಸಬಾಳೆಯಲ್ಲಿ ಕಲ್ಲಪ್ಪನ ಹೆಂಡತಿ ವರದಮ್ಮ ಕಾಲಿಗೆ ನೀರು ಕೊಟ್ಟು ಕೂರಿಸಿದಳು. "ಬಂದ್ಯನೇ ಮಾರಾಯ್ತಿ! ನಿಮ್ಮಪ್ಪಯ್ಯ ಬಂದಾಗೆಲ್ಲ ಕೇಳ್ತಿದ್ದೆ, ಮಗಳನ್ನ ಎಂತಕ್ಕೆ ಕರ್ಕಂಡು ಬರಲ್ಲ ಅಂತ."

"ಅಪ್ಪ ಬರ್ತಾನಾ?"

"ಬರ್ದೆ ಎಂತ? ತಿಂಗಳಿಗೊಂದ್ಸಲ. ಬಂದು ಹೋರಿ ಮೈ ತೊಳೆದು ಹೋಗ್ತಾರೆ. ಒಂದು ಮಾತಿಲ್ಲ, ಕಥೆಯಿಲ್ಲ."

ಗೊಬ್ಬರ ತರಲು ಹೋಗುತ್ತೇನೆಂದು ಹೇಳಿ ಹೋಗುತ್ತಿದ್ದ ಅಪ್ಪ. ಕರುಣಾ ಚಹಾವನ್ನು ನಿಧಾನಕ್ಕೆ ಕುಡಿದಳು.

ಕಲ್ಲಪ್ಪ ಅವಳನ್ನು ಮನೆಯ ಹಿಂದಿನ ಬ್ಯಾಣಕ್ಕೆ ಕರೆದೊಯ್ದ. ದನ ಮೇಯುವ ಹುಲ್ಲುಬಯಲಿನ ಆ ತುದಿಯಲ್ಲಿ, ಮತ್ತಿಮರದ ನೆರಳಿನಲ್ಲಿ, ಪುಟ್ಟಯ್ಯ ಅತ್ತ ಮುಖ ಮಾಡಿ ನಿಂತಿತ್ತು. ಕಟ್ಟಿರಲಿಲ್ಲ. ಬೆನ್ನ ಮೇಲಿನ ಹಿಣಿಲು ಇನ್ನೂ ಹಾಗೇ ಗೋಪುರದಂತಿತ್ತು. ಮೈಯ ಬಿಳುಪು ಸ್ವಲ್ಪ ಮಾಸಿತ್ತು.

"ಅಖಾಡಕ್ಕೆ ಬಿಡೋದಿಲ್ಲ, ಗಾಡಿಗೂ ಕಟ್ಟೋದಿಲ್ಲ. ಮಾಸ್ತಪ್ಪಂಗೆ ಮಾತು ಕೊಟ್ಟೀನಿ," ಎಂದ ಕಲ್ಲಪ್ಪ. "ಆದ್ರೆ ಒಂದು, ಪುಟ್ಟಯ್ಯ ಅಂತ ಎಷ್ಟು ಕರೆದ್ರೂ ತಿರುಗಿ ನೋಡಲ್ಲ ಮಾರಾಯ್ತಿ. ಕಿವಿ ಕೇಳ್ತದೋ ಇಲ್ವೋ ಅಂತ ದನದ ಡಾಕ್ಟ್ರಿಗೂ ತೋರಿಸ್ದೆ. ಕಿವಿ ನೆಟ್ಟಗೈತೆ ಅಂದ್ರು."

"ನೀವು ಇಲ್ಲೇ ಇರಿ ಕಲ್ಲಪ್ಪಣ್ಣ," ಎಂದು ಕರುಣಾ ಬೇಲಿ ದಾಟಿದಳು.

ಬಯಲಿನ ನಡುವೆ ನಿಂತಳು. ಬೆಲ್ಲ ಮುರಿದು ಅಂಗೈಗೆ ಹಾಕಿಕೊಂಡಳು. ಬೆವರಿಗೆ ಆಗಲೇ ಅಂಟತೊಡಗಿತ್ತು. ಮೊದಲ ಸಲ ದನಿಯೇ ಹೊರಡಲಿಲ್ಲ. ಕರೆಯದೇ ಹೋಗಿಬಿಡಬಹುದಿತ್ತು, ದೂರದಿಂದ ನೋಡಿದ್ದೇ ಸಾಕು ಎಂದರೆ ಯಾರೂ ಬೈಯುತ್ತಿರಲಿಲ್ಲ. ಅಷ್ಟರಲ್ಲಿ ಕಿವಿಯಲ್ಲಿ ಆ ಎಳೆದ ದನಿ ಎದ್ದಿತು, ಕರಿಯೇ ಅಕ್ಕಾ. ಅವನು ಹೇಳಿದ ಮೇಲೆ ಕರೆಯುವುದು ಪದ್ಧತಿ. ಅವಳು ಕರೆದಳು.

"ಪುಟ್ಟಯ್ಯಾ... ಬಾರೋ ಹೋ... ಬಾರೋ ಪುಟ್ಟಯ್ಯಾ..."

ಹೋರಿಯ ಕಿವಿ ನಿಮಿರಿತು. ಕತ್ತು ಎತ್ತಿತು. ಗಕ್ಕನೆ ತಿರುಗಿತು, ಅಂದಿನ ಹಾಗೆಯೇ. ಓಡಿಬಂತು. ಕೊಂಬುಗಳು ದೊಡ್ಡವಾಗುತ್ತಾ ಬಂದವು. ನೆಲ ಅದುರುವುದು ಅವಳ ಪಾದಕ್ಕೆ ತಿಳಿಯಿತು. ನೀಲಿ ಅಂಗಿ ಬಂತು, ಬೆನ್ನು ಬಂತು. ಕರುಣಾ ಓಡಲಿಲ್ಲ. ಅಂಗೈ ಚಾಚಿಕೊಂಡೇ ಗಡಗಡ ನಡುಗುತ್ತಾ ನಿಂತಿದ್ದಳು. ಹತ್ತಿರ ಬಂದ ಪುಟ್ಟಯ್ಯ ವೇಗ ತಗ್ಗಿಸಿ, ಹೆಜ್ಜೆ ಹೆಜ್ಜೆ ಬಂದು, ಬಿಸಿ ಉಸಿರು ಬಿಟ್ಟು ಅಂಗೈಗೆ ಮೂತಿ ಇಟ್ಟಿತು. ಒರಟು ನಾಲಿಗೆ ಬೆಲ್ಲವನ್ನೂ ಬೆವರನ್ನೂ ನೆಕ್ಕಿತು. ಅವಳು ಇನ್ನೊಂದು ಕೈಯನ್ನು ಮೆಲ್ಲಗೆ ಗಂಗೆದೊಗಲಿಗೆ ತಂದಳು. ನೀವುತ್ತಾ ನೀವುತ್ತಾ ನಡುಕ ಇಳಿಯಿತು.

ಬೆಲ್ಲ ಮುಗಿಯಿತು. ಪುಟ್ಟಯ್ಯ ಅಲ್ಲಿಂದ ಕದಲಲಿಲ್ಲ. ಮುಖವನ್ನು ಎತ್ತಿ, ಒರೆಸಿಸಿಕೊಳ್ಳಲು ಕೊಡುವ ಹಾಗೆ ಸ್ವಲ್ಪ ಓರೆ ಮಾಡಿ ಕಾಯಿತು. ಆಮೇಲೆ ಕತ್ತು ಹೊರಳಿಸಿ, ತಾನು ಓಡಿಬಂದ ದಾರಿಯ ಕಡೆ ನೋಡಿತು. ಯಾವಾಗಲೂ ಹಿಂದಿನಿಂದ ಏದುಸಿರು ಬಿಡುತ್ತಾ ಒಬ್ಬ ಬರುತ್ತಿದ್ದ ದಾರಿ ಅದು. ಕರುಣಾಳೂ ಅತ್ತ ನೋಡಿದಳು. ಮತ್ತಿಮರ, ಹುಲ್ಲು, ಬಿಸಿಲು.

"ಅವನು ಬರಲ್ಲ ಕಣೋ ಪುಟ್ಟಯ್ಯ," ಎಂದಳು.

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತನ್ನ ಸೆರಗಿನಿಂದ ಅದರ ಮುಖ ಒರೆಸಿದಳು, ಅದೇ ಸೆರಗಿನಿಂದ ತನ್ನದನ್ನೂ ಒರೆಸಿಕೊಂಡಳು. ಹೇಳಿಯಾದ ಮೇಲೂ ಇಬ್ಬರೂ ಬಹಳ ಹೊತ್ತು ಆ ದಾರಿಯನ್ನೇ ನೋಡುತ್ತಾ ನಿಂತಿದ್ದರು.